ಮೂರನೇ ಕಿಟಕಿಯ ಕೆಳಗಿನ ಕಲೆ

ಹೊಳೆಯುವ ಬಸ್ಸಿಗೆ ತುಕ್ಕು ಹಿಡಿಸಿದವರನ್ನು ಕ್ಷಮಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಿಡಿಸಿದವಳು ಸ್ವಂತ ಹೆಂಡತಿಯಾದರಂತೂ ಕ್ಷಮಿಸಲೇಬಾರದು. ಇದು ನಡೆದದ್ದು ತೊಂಬತ್ತನೇ ಇಸವಿಯಲ್ಲಿ. ನನ್ನ ಸಿಟ್ಟು ಮಾತ್ರ ಇನ್ನೂ ಒಣಗಿಲ್ಲ, ಬೆರಳಿಟ್ಟರೆ ಅಂಟುತ್ತದೆ.

ನಾನು ಓದಿದ್ದು ಐದನೇ ಕ್ಲಾಸು (ಆರನೆಯದರ ಮೇಷ್ಟ್ರಿಗೂ ನನಗೂ ಸರಿಹೋಗಲಿಲ್ಲ). ಕುವೈತಿನಲ್ಲಿ, ಶುವೈಖಿನ ಒಂದು ಗ್ಯಾರೇಜಿನಲ್ಲಿ, ಹದಿನಾರು ವರ್ಷ ಕಾರುಗಳಿಗೆ ಬಣ್ಣ ಹೊಡೆದವನು. ಅಲ್ಲಿಯ ಸಮುದ್ರದ ಗಾಳಿಗೆ ಕಬ್ಬಿಣವೆಂದರೆ ಹಸಿದವನ ಮುಂದಿನ ಹಪ್ಪಳ. ಆದ್ದರಿಂದ ತುಕ್ಕು ನನ್ನ ಜನ್ಮವೈರಿ. ಉಜ್ಜಿ, ಕೆರೆದು, ರೆಡ್ ಆಕ್ಸೈಡ್ ಬಳಿದು, ಮೇಲೆ ಏಳು ಕೋಟು ಬಣ್ಣ ಹೊಡೆದು ಬಿಟ್ಟರೆ, ಮಾಲೀಕರು ನನ್ನ ಕಾರಿನಲ್ಲಿ ಮುಖ ನೋಡಿಕೊಂಡು ಮೀಸೆ ತಿರುವಬೇಕು. ಯಶೋಧರನ ಫಿನಿಶಿಂಗ್ ಎಂದರೆ ಅಷ್ಟು.

ಆ ವರ್ಷ ಮೇ ತಿಂಗಳಲ್ಲಿ ನಮ್ಮ ಮದುವೆಯ ದಿನಕ್ಕೆ ಚಂಪಾಳಿಗೆ ಏನಾದರೂ ಕೊಡಬೇಕೆಂದು ನನಗೊಂದು ದಿವ್ಯ ಯೋಚನೆ ಹೊಳೆಯಿತು. ಮದುವೆಗೆ ಮುಂಚೆ ಊರಲ್ಲಿ ನಾನು ಕಿನ್ನಿಗೋಳಿ ಕಡೆಗೆ ಓಡುತ್ತಿದ್ದ ಒಂದು ಕೆಂಪು ಬಸ್ಸಿನಲ್ಲಿ ಕ್ಲೀನರ್ ಆಗಿದ್ದೆ. ಚಂಪಾ ತನ್ನ ಅಮ್ಮನೊಟ್ಟಿಗೆ ಕಟ್ಟಿದ ಬೀಡಿ ಕೊಡಲು ಅದೇ ಬಸ್ಸಿಗೆ ಹತ್ತುತ್ತಿದ್ದಳು. ನಮ್ಮ ಪ್ರೇಮ, ಜಗಳ, ಸಕಲವೂ ಆ ಬಸ್ಸಿನ ಪ್ರಸಾದ. ಆದ್ದರಿಂದ ಗ್ಯಾರೇಜಿನಲ್ಲಿ ತಗಡು ಬಡಿಯುವ ಉಮ್ಮರಬ್ಬನನ್ನು ಕಾಡಿ, ತುಪ್ಪದ ಡಬ್ಬಿಗಳನ್ನು ಕತ್ತರಿಸಿ, ಮೊಳದುದ್ದದ ಬಸ್ಸೊಂದನ್ನು ಮಾಡಿಸಿದೆ. ಏಣಿ, ಹಾರ್ನು, ಕಿಟಕಿಯ ಸರಳು, ಎಲ್ಲ ಅಳತೆಗೆ ಸರಿಯಾಗಿ. ಏಳು ಕೋಟು ಕೆಂಪು ಹೊಡೆದೆ.

ಚಂಪಾ ಅದನ್ನು ಸುತ್ತಲೂ ತಿರುಗಿಸಿ ನೋಡಿದಳು. ಚಂದ ಉಂಟು ಅಂದಳು. ನಾನು ಇನ್ನಷ್ಟು ಹೊಗಳಿಕೆಗೆ ಕಾದು ಕುಳಿತೆ.

"ಆದರೆ ಇದು ಯಾವ ಬಸ್ಸು ಮಾರ್ರೆ?" ಎಂದಳು.

ನಮ್ಮ ಬಸ್ಸು ಎಂದೆ.

"ನಮ್ಮ ಬಸ್ಸು ಯಾವತ್ತು ಹೀಗಿತ್ತು? ಇದು ಬ್ಯೂಟಿ ಪಾರ್ಲರಿಗೆ ಹೋಗಿ ಬಂದ ಹಾಗೆ ಉಂಟು."

ಮುಂದಿನ ವಾರ ಕೆಲಸದಿಂದ ಬಂದು ನೋಡುತ್ತೇನೆ, ತಾಯಿ ಮಗಳು ನೆಲದ ಮೇಲೆ ಪೇಪರು ಹಾಸಿಕೊಂಡು ಕುಳಿತಿದ್ದಾರೆ. ನಡುವೆ ನನ್ನ ಬಸ್ಸು. ಹದಿನಾರು ವರ್ಷದ ವೈರಿ ನನ್ನ ಮನೆಯೊಳಗೇ ಬಂದು ಅದರ ಮೇಲೆ ಕುಳಿತಿತ್ತು. ರಿವೆಟ್ಟಿನ ಸುತ್ತ ಕರಿ ಕೊಳೆ, ಏಣಿಯ ಬುಡದಿಂದ ಇಳಿದ ತುಕ್ಕಿನ ಗೆರೆ, ಚಕ್ರದ ಮೇಲೆ ಕೆಸರು.

ನಮ್ಮ ಮಗಳು ಅಶ್ಮಿತಾಳಿಗೆ ಆಗ ಹದಿನಾಲ್ಕು. ತುಳು, ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಗೆ ಬರುವುದು ಇಂಗ್ಲಿಷು. ಶಾಲೆಯ ಮಾಡೆಲ್ ಕ್ಲಬ್ಬಿನಲ್ಲಿ ಈ ವಿದ್ಯೆ ಕಲಿತು ಅಮ್ಮನಿಗೆ ಹೇಳಿಕೊಟ್ಟಿದ್ದಳು.

"ಇಟ್ ಈಸ್ ನಾಟ್ ಡರ್ಟ್, ಪಪ್ಪಾ. ಇಟ್ ಈಸ್ ವೆದರಿಂಗ್."

ಎಂದರೆ ಬಿಸಿಲು ಮಳೆಗೆ ಹಳತಾದ ಹಾಗೆ ಕಾಣಿಸುವುದಂತೆ. ಬಣ್ಣವನ್ನು ಟರ್ಪೆಂಟೈನಿನಲ್ಲಿ ನೀರು ನೀರಾಗಿ ಕಲಸಿ ಹರಿಯಬಿಟ್ಟರೆ ಅದು ಮೂಲೆಮುಡುಕಿಗೆ ತಾನೇ ಸೇರಿಕೊಳ್ಳುತ್ತದಂತೆ. ಮೇಲಿನದನ್ನು ಬಟ್ಟೆಯಲ್ಲಿ ಒರೆಸಬೇಕಂತೆ. ಇದಕ್ಕೆ ವಾಶ್ ಎಂದು ಹೆಸರು (ಕೊಳೆ ಮಾಡುವುದಕ್ಕೆ!). ಆಮೇಲೆ ಒಂದು ಚುಕ್ಕಿ ಇಟ್ಟು, ಒದ್ದೆ ಬ್ರಶ್ಶಿನಿಂದ ಮೇಲಿಂದ ಕೆಳಗೆ ಎಳೆದರೆ ವರ್ಷಗಟ್ಟಲೆ ಮಳೆ ಇಳಿದ ಗೆರೆ. ನನ್ನ ಗ್ಯಾರೇಜಿನ ಥಿನ್ನರ್ ಹಾಕಿದ್ದರೆ ಏಳು ಕೋಟೂ ಕಿತ್ತು ಬರುತ್ತಿತ್ತು. ಟರ್ಪೆಂಟೈನೇ ಹಾಕಿದ್ದಾಳೆಂದರೆ ಆ ಬುದ್ಧಿ ನನ್ನ ರಕ್ತದ್ದು. ಆದರೆ ಆಗ ಹೆಮ್ಮೆಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಬಣ್ಣ ಉಜ್ಜಿ ಹೊಳೆಯಿಸುವ ರಬ್ಬಿಂಗ್ ಕಾಂಪೌಂಡು ತೆಗೆದವನೇ ಎದುರು ಸಿಕ್ಕ ಕಲೆಯನ್ನು ಉಜ್ಜಿದೆ. ಮೂರನೇ ಕಿಟಕಿಯ ಕೆಳಗೆ ಕೆಂಪುಕಂದು ಗೆರೆಯೊಂದಿತ್ತು, ಎರಡು ತಿಕ್ಕಿಗೆ ಹೋಯಿತು.

"ಅದು ಅಮ್ಮನದ್ದು," ಎಂದಳು ಚಂಪಾ.

ನನ್ನ ಕೈ ನಿಂತಿತು. ಅವಳ ಅಮ್ಮ ಸದಾ ಮೂರನೇ ಕಿಟಕಿಯಲ್ಲೇ ಕುಳಿತು ಎಲೆಅಡಿಕೆ ಜಗಿದು ಹೊರಗೆ ಉಗುಳುತ್ತಿದ್ದರು. ಮರುದಿನ ಬೆಳಿಗ್ಗೆ ಅದನ್ನು ತೊಳೆಯುವ ಯೋಗ ಕ್ಲೀನರ್ ಯಶೋಧರನದ್ದು. ನಾನು ಚಂಪಾಳ ಹತ್ತಿರ ಜೀವಮಾನದಲ್ಲಿ ಮೊದಲು ಆಡಿದ ಮಾತೇ, ನಿಮ್ಮ ಅಮ್ಮನಿಗೆ ಸ್ವಲ್ಪ ಹೇಳಿ, ಎಂದು. ಆ ಅಮ್ಮ ತೀರಿಕೊಂಡಾಗ ನಾವು ಕುವೈತಿನಲ್ಲಿದ್ದೆವು. ಪಾಸ್‌ಪೋರ್ಟು ನಮ್ಮನ್ನು ಕೆಲಸಕ್ಕೆ ಕರೆಸಿಕೊಂಡ ಕಫೀಲನ ಪೆಟ್ಟಿಗೆಯಲ್ಲಿ, ಕಫೀಲ ಲಂಡನ್ನಿನಲ್ಲಿ. ಚಂಪಾಳಿಗೆ ಹೋಗಲಾಗಲಿಲ್ಲ.

ಈಗಲೇ ಹಾಕಿಕೊಡುತ್ತೇನೆ ಎಂದೆ. ಬೇಡ ಎಂದು ಬ್ರಶ್ಶು ತೊಳೆಯಲು ಎದ್ದುಹೋದಳು. ಬಯ್ದಿದ್ದರೆ ನಾನೂ ಬಯ್ದು ಸಮ ಮಾಡುತ್ತಿದ್ದೆ.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಗ್ಯಾರೇಜಿನಲ್ಲಿ ನಾನು ಹೊಳೆಯಿಸಿ ನಿಲ್ಲಿಸಿದ್ದ ಕಾರುಗಳೆಲ್ಲ ಎರಡೇ ದಿನದಲ್ಲಿ ಖಲಾಸ್. ಹೊಳೆದದ್ದಕ್ಕೇ ಹೋದವು. ನಾನೇ ಬಣ್ಣ ಹೊಡೆದುಕೊಟ್ಟಿದ್ದ ಉಮ್ಮರಬ್ಬನ ಪಿಕಪ್ಪನ್ನೂ ಬಿಡಲಿಲ್ಲ, ಪೋಯಿ, ಹೋಯಿತು, ಎಂದು ಅವನು ನಕ್ಕುಬಿಟ್ಟ. ಉಳಿದದ್ದು ನಮ್ಮ ಕಟ್ಟಡದ ಹಿಂದೆ ಚಾದರ ಹೊದ್ದು ನಿಂತಿದ್ದ ನನ್ನ ಶೆವರ್ಲೆ. ಅಪಘಾತದಲ್ಲಿ ನುಜ್ಜಾದದ್ದನ್ನು ತಂದು ಉಮ್ಮರಬ್ಬ ಬಡಿದು, ನಾನು ಬಣ್ಣ ಹೊಡೆದದ್ದು. ದಾಳಿಂಬೆ ಬೀಜದ ಕೆಂಪು. ಊರಿಗೆ ವಿಮಾನ ಸಿಗಬೇಕಾದರೆ ಬಗ್ದಾದಿನ ಮೇಲಿಂದ ಜೋರ್ಡಾನಿನ ಅಮ್ಮಾನಿಗೆ ಹೋಗಬೇಕು. ದಾರಿಯಲ್ಲಿ ಸೈನಿಕರು ಕಾರು ಕಿತ್ತುಕೊಂಡರೆ ಉಮ್ಮರಬ್ಬನೂ ಸೇರಿ ನಾವು ನಾಲ್ವರು ಮರುಭೂಮಿಯಲ್ಲಿ, ಸೆಪ್ಟೆಂಬರಿನ ಬಿಸಿಲಿನಲ್ಲಿ.

ಅಶ್ಮಿತಾ ಬಣ್ಣದ ಪೆಟ್ಟಿಗೆ ತಂದು ನನ್ನ ಮುಂದಿಟ್ಟಳು. ಹೇಳಿದವಳು ಅವಳ ಅಮ್ಮ.

"ಕಾರನ್ನೂ ಹಳತು ಮಾಡುವ, ನೀವೇ ಮಾಡಿ. ತುಕ್ಕು ಎಲ್ಲಿಂದ ಶುರುವಾಗ್ತದೆ ಅಂತ ನಿಮ್ಮಷ್ಟು ಗೊತ್ತಿದ್ದವರು ಈ ಕುವೈತಿನಲ್ಲಿ ಇನ್ನು ಯಾರಿದ್ದಾರೆ?"

ಹದಿನೇಳು ವರ್ಷದ ಸಂಸಾರದಲ್ಲಿ ಅವಳು ನನ್ನ ಕಸುಬನ್ನು ಹೊಗಳಿದ್ದು ಅದೊಂದೇ ಸಲ, ಅದೂ ತುಕ್ಕಿನ ವಿಷಯದಲ್ಲಿ. ನಾನು ತುಕ್ಕು ತಡೆಯಲು ಬಳಿಯುತ್ತಿದ್ದ ರೆಡ್ ಆಕ್ಸೈಡನ್ನೇ ತುಕ್ಕಾಗಿ ಕಲಸಿದೆ. ಚಾಸಿಸ್ಸಿಗೆ ಹೊಡೆಯುವ ಕರಿ ಬಣ್ಣವನ್ನು ಟರ್ಪೆಂಟೈನಿನಲ್ಲಿ ನೀರಾಗಿಸಿ ಬಾಗಿಲ ಸಂದಿಗಳಿಗೆ ಬಿಟ್ಟೆ. ಅಶ್ಮಿತಾ ಕಾರಿನ ಸುತ್ತ ಮೇಷ್ಟ್ರ ಹಾಗೆ ತಿರುಗುತ್ತ, ಕೊಳೆಗೂ ಕಾರಣ ಬೇಕು, ನೀರು ನಿಲ್ಲದಲ್ಲಿ ತುಕ್ಕು ಯಾಕೆ ಎಂದು ಇಂಗ್ಲಿಷಿನಲ್ಲಿ ತಿದ್ದಿದಳು. ಉಮ್ಮರಬ್ಬ ಸುತ್ತಿಗೆ ತಂದು, ತಾನೇ ಎಬ್ಬಿಸಿದ್ದ ಬಂಪರನ್ನು ಮತ್ತೆ ಬಡಿದು ಹಾಕಿದ. ಸಂಜೆಯಾಗುವಾಗ ನನ್ನ ದಾಳಿಂಬೆ ಮೂರು ಮಳೆಗಾಲ ಗುಜರಿಯಲ್ಲಿ ಬಿದ್ದ ಡಬ್ಬಿಯಾಗಿತ್ತು. ನಾನು ಟಯರಿಗೆ ಒರಗಿ ಕುಳಿತು ಕಣ್ಣೊರೆಸಿಕೊಂಡೆ (ಟರ್ಪೆಂಟೈನು ಕಣ್ಣಿಗೆ ಹೋದದ್ದು).

ಹೊರಡುವಾಗ ಚಂಪಾ ಬಸ್ಸನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಮೂರನೇ ಕಿಟಕಿಯ ಕೆಳಗೆ ಅಂಗೈಯಗಲ ಮಾತ್ರ ಹೊಳೆಯುತ್ತಿತ್ತು. ಊರಿಗೆ ಮುಟ್ಟಿದ ಮೇಲೆ ಅದನ್ನು ಖಂಡಿತ ಹಾಕಿಕೊಡುತ್ತೇನೆ ಎಂದೆ.

"ನೆನಪಿರಲಿ," ಎಂದಳು.

ಬಸ್ರಾದ ದಾರಿಯ ತಪಾಸಣೆಯಲ್ಲಿ ಒಬ್ಬ ಸೈನಿಕ ನಮ್ಮನ್ನು ತಡೆದ. ಮುಂದೆ ನಿಂತಿದ್ದ ಒಳ್ಳೆಯ ಕಾರೊಂದರಿಂದ ಜನರನ್ನು ಆಗಷ್ಟೇ ಇಳಿಸಿದ್ದರು. ಅವನು ನಮ್ಮ ಕಾರಿಗೆ ಒಂದು ಸುತ್ತು ಹಾಕಿ, ಬಾಗಿಲ ಮೇಲೆ ಬೆರಳೆಳೆದು ನನ್ನನ್ನು ನೋಡಿದ.

"ಮಿಸ್ಕೀನ್," ಎಂದ. ಪಾಪದವನು ಎಂದು. ಆಮೇಲೆ ಹೇಳಿದ್ದು ನನಗೂ ಅರ್ಥವಾಗುವಷ್ಟು ಸುಲಭದ ಅರಬ್ಬಿ. ಇಡೀ ಕುವೈತಿನಲ್ಲಿ ಒಬ್ಬ ಪೇಂಟರೂ ಇರಲಿಲ್ಲವೇ ಎಂದು.

ನೀವು ನನ್ನ ಸ್ವಭಾವ ಬಲ್ಲಿರಿ. ರಕ್ತ ತಲೆಗೇರಿತು. ಪೇಂಟರಾ? ಶುವೈಖಿಗೆ ಹೋಗಿ ಕೇಳು, ಯಶೋಧರ ಯಾರು ಅಂತ! ಬಾಯಿ ತೆರೆದೇ ಬಿಟ್ಟಿದ್ದೆ. ಅಷ್ಟರಲ್ಲಿ ಚಂಪಾ ನನ್ನ ಕಾಲಿನ ಮೇಲೆ ತನ್ನ ಕಾಲಿಟ್ಟು ಒತ್ತಿದಳು. ಸಲ್ವಾದಲ್ಲಿ ಒಬ್ಬ ಕುವೈತಿಯ ಮನೆಯಲ್ಲಿ ಎಂಟು ವರ್ಷ ಅಡುಗೆ ಮಾಡಿದವಳು, ಅರಬ್ಬಿ ನೀರು ಕುಡಿದ ಹಾಗೆ. ಇವರು ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು ಎಂದು ಮೆದುವಾಗಿ ತಿಳಿಸಿದಳು.

ಸೈನಿಕ ಕಾರನ್ನು ಇನ್ನೊಮ್ಮೆ ನೋಡಿದ. "ಪಾತ್ರೆಯನ್ನೂ ಹೀಗೇ ತೊಳೀತಾನಾ?"

ಹಿಂದಿನ ಸೀಟಿನಲ್ಲಿ ಉಮ್ಮರಬ್ಬ ಕೆಮ್ಮಿದ. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು. ಸೈನಿಕ ಅಶ್ಮಿತಾಳ ಕೈಗೆ ಒಂದು ಮುಷ್ಟಿ ಖರ್ಜೂರ ಕೊಟ್ಟು, ಯಲ್ಲಾ, ಹೋಗಿ ಎಂದ. ಚಂಪಾ ಕಾಲು ತೆಗೆದದ್ದು ಹತ್ತು ಮೈಲಿ ದಾಟಿದ ಮೇಲೆ.

ಅಮ್ಮಾನಿನಲ್ಲಿ ಕಾರನ್ನು ಕೀ ಸಮೇತ ರಸ್ತೆ ಬದಿಯಲ್ಲಿ ಬಿಟ್ಟೆವು. ನಾಲ್ಕು ದಿನ ವಿಮಾನಕ್ಕೆ ಕಾದೆವು. ನಾಲ್ಕು ದಿನವೂ ಅದು ಅಲ್ಲೇ ಇತ್ತು, ಕದಿಯುವವರಿಗೂ ಬೇಡವಾಗಿತ್ತು. ನನ್ನ ಕಸುಬಿಗೆ ಸಿಕ್ಕಿದ ಕೊನೆಯ ಸರ್ಟಿಫಿಕೇಟು.

ಈಗ ಬಸ್ಸು ಮನೆಯ ಶೋಕೇಸಿನಲ್ಲಿದೆ. ಕೊಟ್ಟ ಮಾತಿನಂತೆ ಬಂದ ವಾರವೇ ಮೂರನೇ ಕಿಟಕಿಯ ಕೆಳಗೆ ಒಂದು ಚುಕ್ಕಿ ಇಟ್ಟು ನೀಟಾಗಿ ಕೆಳಗೆಳೆದೆ. ಚಂಪಾ ಕನ್ನಡಕ ಹಾಕಿ ನೋಡಿ, ಸೆರಗಿನಲ್ಲಿ ಒರೆಸಿಬಿಟ್ಟಳು.

"ಬಸ್ಸು ನಿಂತಿತ್ತಾ? ಓಡುವಾಗ ಉಗುಳಿದ್ದು ಹಿಂದಕ್ಕೆ ಓರೆಯಾಗಿ ಹೋಗ್ತದೆ. ಎರಡು ವರ್ಷ ತೊಳೆದವರಿಗೆ ಅಷ್ಟೂ ಗೊತ್ತಿಲ್ಲವಾ?"

ಗೊತ್ತಿಲ್ಲ. ತೊಳೆಯುವಾಗ ನಾನು ನೋಡುತ್ತಿದ್ದದ್ದು ಕಲೆಯನ್ನಲ್ಲ, ಅದರ ಮೇಲಿನ ಕಿಟಕಿಯನ್ನು, ನಾಳೆ ಅಲ್ಲಿ ಅಮ್ಮನ ಪಕ್ಕ ಅವಳೂ ಕೂರುತ್ತಾಳೋ ಇಲ್ಲವೋ ಎಂದು. ಇದನ್ನು ಅವಳಿಗೆ ಹೇಳುವ ವಯಸ್ಸೇ ನನ್ನದು?

ಮುಂದಿನ ಸಲ ಓರೆಯಾಗಿ ಎಳೆದೆ. ಅಮ್ಮ ಇಷ್ಟು ಕಡಿಮೆ ಉಗುಳುತ್ತಿರಲಿಲ್ಲ ಎಂದು ಒರೆಸಿದಳು. ಆಮೇಲಿನದಕ್ಕೆ ಸುಣ್ಣ ಜಾಸ್ತಿಯಾಯಿತಂತೆ. ಪ್ರತಿ ಮೇ ತಿಂಗಳಲ್ಲಿ ನಾನು ಬ್ರಶ್ಶು ಹಿಡಿದು ಕುಳಿತುಕೊಳ್ಳುತ್ತೇನೆ, ಅವಳು ಸೆರಗು ಹಿಡಿದು ಪಕ್ಕದಲ್ಲಿ. ಹೋದ ವರ್ಷದ್ದು ಅಚ್ಚು ಅಮ್ಮನದ್ದೇ ಆಗಿತ್ತು, ನನಗೇ ಗೊತ್ತಾಯಿತು. ಚಂಪಾ ತುಂಬ ಹೊತ್ತು ನೋಡಿದಳು. ಆಮೇಲೆ ಅದನ್ನೂ ಒರೆಸಿ, ಬರುವ ವರ್ಷ ಸ್ವಲ್ಪ ಗಮನ ಕೊಟ್ಟು ಹಾಕಿ ಎಂದಳು.