ಜೂನ್ ಒಂದನೇ ತಾರೀಖಿಗೆ, ಹುಚ್ಚೆಳ್ಳಿನ ಹೊಲದಿಂದ

ಮಾನ್ಯ ಜೂನ್ ಒಂದನೇ ತಾರೀಖಿನವರ ಸನ್ನಿಧಿಗೆ,

ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿ ಕಡೆಯ ಒಂದು ಸಣ್ಣ ಊರಿನಿಂದ ಪ್ರಮೀಳಾ ಮಾಡುವ ನಮಸ್ಕಾರಗಳು. ಮೇ ತಿಂಗಳ ಬೆನ್ನಿಗೇ ತಾವು ತಪ್ಪದೆ ಬರುತ್ತಿರುವುದು ನಮ್ಮ ಭಾಗ್ಯ. ನಮ್ಮೂರಿನ ಬಸ್ಸಿಗೂ ಅಷ್ಟು ನಿಯತ್ತಿಲ್ಲ.

ಮಾನ್ಯರೇ, ನಮ್ಮೂರಿನ ಗಣ್ಯರೆಲ್ಲ ತಮ್ಮ ಮಡಿಲಲ್ಲೇ ಹುಟ್ಟಿದವರು. ಹಾಲಿನ ಸಂಘದ ಅಧ್ಯಕ್ಷ ಕುಳ್ಳಯ್ಯನವರು, ಅವರೆದುರು ಸೋತ ಮಾಜಿ ಅಧ್ಯಕ್ಷ ಚಿಕ್ಕಯ್ಯನವರು, ಲಾರಿ ಮಾಲೀಕರಾದ ಕಲೀಂ ಸಾಹೇಬರು, ಈ ಮೂವರ ಫ್ಲೆಕ್ಸುಗಳೂ ತಾವು ಬರುವ ಮುನ್ನಾದಿನ ಬಸ್ ನಿಲ್ದಾಣವನ್ನು ಏರಿ, ಒಬ್ಬರ ಕನ್ನಡಕದ ಮೇಲೆ ಇನ್ನೊಬ್ಬರ ಮೀಸೆ ಕೂತು, ಒಳಗೆ ಕಾಯುವ ನಾವು ಡ್ರೈವರಿಗೆ ಕಾಣದೆ ಬಸ್ಸು ಮುಂದೆ ಹೋಗುತ್ತದೆ. ಮುಖ ಕೊಟ್ಟು ಮಾತಾಡದವರನ್ನೂ ಒಂದೇ ದಿನ ಹೆತ್ತ ತಮ್ಮ ಸಮದೃಷ್ಟಿಗೆ ಶರಣು.

ತಮಗೆ ಈ ಕೀರ್ತಿ ತಂದವರು ಹಿಂದಿನ ಹೆಡ್‌ಮೇಷ್ಟ್ರು. ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿ ಮುಟ್ಟಿದ ಮಗುವಿಗೆ ಶಾಲೆ ಸೇರುವ ವಯಸ್ಸಾಯಿತೆಂದು ತೀರ್ಮಾನಿಸಿ, ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಅವರು ದಾಖಲೆಯಲ್ಲಿ ಜನ್ಮದಿನವಾಗಿ ತಮ್ಮನ್ನೇ ದಯಪಾಲಿಸಿದರು. ನನ್ನ ಕೈಯೂ ಅಂದು ಕಿವಿ ಮುಟ್ಟಿತು, ಎಂ.ಎ. ಮುಗಿಸಿದರೂ ತಾವು ನನ್ನನ್ನು ಬಿಟ್ಟಿಲ್ಲ.

ದೂರು ಇಷ್ಟೇ: ಹೆತ್ತವರು ಬೇರೆ ಇದ್ದಾರೆ. ಈ ಸಲ ಕುಳ್ಳಯ್ಯನವರು ಕೇಕಿನ ಮುಂದೆ ತಾಯಿ ಬೆಟ್ಟಮ್ಮನವರಿಗೆ ಮೈಕು ಕೊಟ್ಟು ಆಶೀರ್ವಾದ ಬೇಡಿದರು.

"ಇವತ್ಯಾಕ್ಲಾ ಕುಯ್ತಿದ್ದೀಯೆ? ನೀನುಟ್ಟಿದ್ದು ಉಚ್ಚೆಳ್ಳು ಊವಾಗಿದ್ದಾಗ. ರಾಗಿ ಒಲದಲ್ಲೇ ನೋವು ಬಂದ್ಬುಡ್ತು" ಎಂದರು ಬೆಟ್ಟಮ್ಮ.

"ಸುಮ್ಕಿರವ್ವ, ಆಧಾರ್‌ನಾಗೆ ಇಂಗೇ ಐತೆ."

"ಆಧಾರ್ ಎತ್ತಿತ್ತೇನ್ಲಾ ನಿನ್ನ? ಎತ್ತೋಳು ನಾನು."

ಚಿಕ್ಕಯ್ಯನವರು ಎಲ್ಲರಿಗಿಂತ ಜೋರಾಗಿ ನಕ್ಕರು. "ನೀನ್ಯಾಕ್ಲಾ ಅಲ್ಲು ಬುಡ್ತೀಯೆ? ನೀನುಟ್ಟಾಗ ಬಿಸ್ನೀರು ಕಾಯ್ಸಿದ್ದೇ ನಾನು, ಊರೆಲ್ಲ ಸಂಕ್ರಾಂತಿ ಎಳ್ಳು ಬೀರ್ತಿದ್ರು" ಎಂದು ಬೆಟ್ಟಮ್ಮ ಅವರತ್ತ ತಿರುಗಿದಾಗ ನಗು ನಿಂತಿತು. ಕಲೀಂ ಸಾಹೇಬರು ತಮ್ಮ ಸರದಿ ಬರುವ ಮುಂಚೆಯೇ ಲಾರಿ ಹತ್ತಿದರು.

ಕುಳ್ಳಯ್ಯನವರು ಮೈಕು ಆರಿಸಿ ಕೇಕು ಕತ್ತರಿಸಿದರು. ಬೆಟ್ಟಮ್ಮ ಅದನ್ನು ಬಾಯಿಗಿಡದೆ ಮನೆಗೆ ಹೋದರು. ಪ್ರತಿ ವರ್ಷ ದೀಪಾವಳಿಯ ಹೊತ್ತಿಗೆ ಹುಚ್ಚೆಳ್ಳು ಹೂಬಿಟ್ಟು ಹೊಲ ಹಳದಿಯಾದಾಗ ಅವರು ಕಜ್ಜಾಯ ಸುಟ್ಟು ಮಗನಿಗಾಗಿ ಮುಚ್ಚಿಟ್ಟು ಕಾಯುತ್ತಾರೆ. ಯಾತಕ್ಕೆಂದು ಹೇಳುವುದಿಲ್ಲ, ಅಧ್ಯಕ್ಷರು ಕೇಳುವುದೂ ಇಲ್ಲ; ಸಂಘದ ಮೀಟಿಂಗಿಗೆ ಹೋಗಿರುತ್ತಾರೆ. ಆರಿದ ಕಜ್ಜಾಯ ಎದುರುಮನೆಯ ನನಗೆ ಬರುತ್ತದೆ.

ಆದ್ದರಿಂದ ತಮ್ಮಲ್ಲಿ ವಿನಂತಿ: ಸಾಧ್ಯವಾದರೆ ಈ ವರ್ಷ ತಾವು ಇನ್ನೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ, ಫ್ಲೆಕ್ಸು ಕೇಕುಗಳಿಲ್ಲದೆ ಬರಬೇಕು. ಅದು ತಮ್ಮ ಪದವಿಗೆ ತಕ್ಕುದಲ್ಲವೆಂದಾದರೆ, ಕುಳ್ಳಯ್ಯನವರನ್ನು ಒಂದು ಸಂಜೆಯ ಮಟ್ಟಿಗೆ ಬಿಟ್ಟುಕೊಡಿ. ಅವರು ಬಿಸಿ ಕಜ್ಜಾಯದ ಮುಂದೆ ಕೂರಲಿ. ಕೈ ತಲೆ ಬಳಸಿ ಕಿವಿ ಮುಟ್ಟುವುದು ಬೇಡ. ಕೈ ತಟ್ಟೆ ಮುಟ್ಟಿದರೆ ಸಾಕು.

ದಾಖಲೆಯ ಪ್ರಕಾರ ತಮ್ಮ ಮಗಳೂ, ಕಜ್ಜಾಯದ ಋಣದಿಂದ ಬೆಟ್ಟಮ್ಮನವರ ಕಡೆಯವಳೂ ಆದ
ತಮ್ಮ ವಿಶ್ವಾಸಿ,
ಪ್ರಮೀಳಾ

ಮರೆತ ಮಾತು: ಗಣ್ಯರನ್ನು ಹಾರೈಸುವ ಗದ್ದಲದಲ್ಲಿ ತಮಗೆ ಯಾರೂ ಶುಭಾಶಯ ಹೇಳಲಿಲ್ಲ. ಇಡೀ ಊರಿನಲ್ಲಿ ಆ ದಿನ ನಿಜವಾಗಿ ಹುಟ್ಟಿದವರು ತಾವೊಬ್ಬರೇ. ತಡವಾದರೂ ಸ್ವೀಕರಿಸಿ, ಫ್ಲೆಕ್ಸು ಹಾಕಿಸೋಣವೆಂದರೆ ನಿಲ್ದಾಣದಲ್ಲಿ ಜಾಗವಿಲ್ಲ.