ಹನ್ನೊಂದನೇ ಪಿನ್ನಿನ ವಿರಹ

ವಿರಹ ಬಂದಾಗ ಹಿಂದಿನವರು ಮೋಡ, ಹಂಸ, ಗಿಳಿ ಎಂದು ಕಂಡಕಂಡವರ ಕಾಲು ಹಿಡಿದರು. ನಾನು ಯಾರ ಕಾಲನ್ನೂ ಹಿಡಿಯುವುದಿಲ್ಲ, ಲಿನಕ್ಸ್ ಹಿಡಿಯುತ್ತೇನೆ ಎಂದು ತೀರ್ಮಾನಿಸಿದೆ! ಹೆಂಡತಿಗೂ ನನಗೂ ನಡುವೆ ಇಡೀ ಬೆಂಗಳೂರು ಅಡ್ಡ ಮಲಗಿದ್ದರೇನಂತೆ? ಅವಳಿಗೆ ನನ್ನ ನೆನಪಾದ ಮರುಕ್ಷಣ ನನ್ನ ಕೋಣೆಯಲ್ಲಿ ದೀಪ ಹತ್ತಬೇಕು. ಹತ್ತಿಸಿಯೇ ತೀರುತ್ತೇನೆ!

ಇಂಥ ಭೀಷ್ಮ ಪ್ರತಿಜ್ಞೆಗೆ ಕಾರಣವಿತ್ತು. ನಾನಿರುವುದು ಪಟ್ಟಂದೂರು ಅಗ್ರಹಾರದಲ್ಲಿ, ಪಿಳ್ಳಮ್ಮನವರ ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗೆ. ಕಿಟಕಿ ತೆಗೆದರೆ ಎದುರಿಗೇ ನನ್ನ ಆಫೀಸಿನ ಗಾಜು. ನನ್ನ ಹೆಂಡತಿ ಆಶಾರಾಣಿ ಮಾದನಾಯಕನಹಳ್ಳಿಯ ಒಂದು ಔಷಧಿ ಗೋದಾಮಿನಲ್ಲಿ ಸೂಪರ್‌ವೈಸರ್. ಅಲ್ಲಿ ಹೊತ್ತು ಹುಟ್ಟುವ ಮೊದಲೇ ಅವಳ ಕಂಪನಿ ವ್ಯಾನು ಬಂದು ಹಾರ್ನ್ ಹೊಡೆಯುತ್ತದೆ. ಇಲ್ಲಿಂದ ಅಲ್ಲಿಗೆ ಹೋಗಬೇಕಾದರೆ ಮೆಜೆಸ್ಟಿಕ್ ದಾಟಬೇಕು. ಮೆಜೆಸ್ಟಿಕ್ ದಾಟಬೇಕಾದರೆ ಹಿಂದಿನ ಜನ್ಮದ ಪುಣ್ಯ ಬೇಕು. ಹಾಗಾಗಿ ವಾರವೆಲ್ಲ ಅವಳು ಅಲ್ಲೇ ತನ್ನ ದೊಡ್ಡಮ್ಮ ಲಕ್ಷ್ಮಮ್ಮನವರ ಮನೆಯಲ್ಲಿ ಇರುತ್ತಾಳೆ. ಶನಿವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ಮಾತ್ರ ನಾನು ಸಂಸಾರಸ್ಥ.

"ಮಗಾ, ಪುಣ್ಯವಂತ ಕಣೋ ನೀನು! ವಾರವೆಲ್ಲಾ ಬ್ಯಾಚುಲರ್ರು!" ಎನ್ನುತ್ತಿದ್ದ ಆಫೀಸಿನ ಗೆಳೆಯ ಲೋಕೇಶ್. ಅವನಿಗೇನು ಗೊತ್ತು? ಬಾಚಣಿಗೆಯಲ್ಲಿ ಸಿಕ್ಕಿಕೊಂಡಿದ್ದ ಅವಳ ಕೂದಲನ್ನು ನಾನು ಮುಂದಿನ ಶನಿವಾರದವರೆಗೂ ತೆಗೆಯುತ್ತಿರಲಿಲ್ಲ. ಅದೇ ಬಾಚಣಿಗೆಯಲ್ಲಿ ಹುಷಾರಾಗಿ ಒಂದು ಪಕ್ಕದಿಂದ ತಲೆ ಬಾಚಿಕೊಂಡು ಆಫೀಸಿಗೆ ಹೋಗುತ್ತಿದ್ದೆ.

ಫೋನ್ ಇಲ್ಲವೇ ಎನ್ನಬೇಡಿ. ಹಗಲೆಲ್ಲ ಇಬ್ಬರಿಗೂ ಕೆಲಸ. ರಾತ್ರಿಯಾದರೆ ದೊಡ್ಡಮ್ಮನ ಮನೆಯಲ್ಲಿ ನಡುಮನೆ ಬಿಟ್ಟರೆ ಬೇರೆಲ್ಲೂ ಸಿಗ್ನಲ್ ಇಲ್ಲ. ನಡುಮನೆಯಲ್ಲಿ ದೊಡ್ಡಮ್ಮ, ದೊಡ್ಡಪ್ಪ, ಟೀವಿ ಧಾರಾವಾಹಿ, ಧಾರಾವಾಹಿ ನೋಡಲು ಬಂದ ಪಕ್ಕದ ಮನೆಯವರು! ಅಷ್ಟು ಜನರ ಎದುರಿಗೆ ನಮ್ಮ ಪ್ರೇಮ ಸಂಭಾಷಣೆ ಹೀಗಿರುತ್ತಿತ್ತು:

"ಊಟ ಆಯ್ತಾ?"

"ಆಯ್ತು. ನಿಮ್ದು?"

"ಆಯ್ತು."

"ಗ್ಯಾಸ್ ಬುಕ್ ಮಾಡಿದ್ರಾ?"

"ಮಾಡ್ದೆ."

"ಸರಿ. ಇಡ್ಲಾ?"

ಇದರಲ್ಲಿ ಎಲ್ಲಿ ಹುಡುಕಿದರೂ ಒಂದು ಚಿಟಿಕೆ ಪ್ರೀತಿ ಸಿಗದು. ಅದಕ್ಕೇ ಈ ದೀಪದ ಯೋಜನೆ. ಅವಳ ಮೊಬೈಲಿನಲ್ಲಿ ಒಂದು ಕೆಂಪು ಗುಂಡಿ. ಮಾತಿಲ್ಲ, ಕತೆಯಿಲ್ಲ. ನೆನಪಾದಾಗ ಒತ್ತುವುದು. ಒತ್ತಿದರೆ ನನ್ನ ಮಂಚದ ಪಕ್ಕದ ದೀಪ ಕಾಲು ಗಂಟೆ ಉರಿಯುವುದು. ಯಾವ ದೊಡ್ಡಮ್ಮನಿಗೂ ತಿಳಿಯುವುದಿಲ್ಲ!

ಯಂತ್ರವೂ ಮನೆಯಲ್ಲೇ ಇತ್ತು. ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡು, ಅದರೊಳಗೆ ಅದನ್ನು ನಡೆಸುವ ಲಿನಕ್ಸ್ ತಂತ್ರಾಂಶ. ಅಂಚಿನಲ್ಲಿ ಎರಡು ಸಾಲು ಪಿನ್ನು. ಯಾವ ಪಿನ್ನಿಗೆ ತಂತಿ ಸಿಕ್ಕಿಸುತ್ತೀರೋ ಆ ತಂತಿಯ ತುದಿಯಲ್ಲಿರುವುದನ್ನು ಪ್ರೋಗ್ರಾಮ್ ಬರೆದು ಕುಣಿಸಬಹುದು. ಹಿಂದೆ ಲೋಕೇಶ್ ಬಂದು ಅದರಿಂದ ಪಿಳ್ಳಮ್ಮನವರ ನೀರಿನ ಮೋಟಾರಿಗೆ ಒಂದು ತಂತಿ ಎಳೆದು, ದಿನಾ ಬೆಳಗ್ಗೆ ಸಂಪಿನ ನೀರು ತಾರಸಿಯ ಟ್ಯಾಂಕಿಗೆ ತಾನೇ ಏರುವಂತೆ ಮಾಡಿಕೊಟ್ಟಿದ್ದ. ಅದರ ಕೀರ್ತಿಯನ್ನು ಮಾತ್ರ ನಾನು ಇಟ್ಟುಕೊಂಡಿದ್ದೆ.

ಶನಿವಾರ ರಾತ್ರಿಯೇ ಅವಳ ಮೊಬೈಲಿಗೆ ಕೆಂಪು ಗುಂಡಿ ಹಾಕಿಯಾಗಿತ್ತು. ಆ ಭಾನುವಾರ ಬೆಳಗ್ಗೆ ಕಾಫಿ ಕುಡಿದು ಕೂತೆ. ಪಿನ್ನುಗಳನ್ನು ಎಣಿಸಿ, ಹನ್ನೊಂದನೆಯದಕ್ಕೆ ದೀಪದ ತಂತಿ ಸಿಕ್ಕಿಸಿದೆ. ಪ್ರೋಗ್ರಾಮಿನಲ್ಲಿ ಹನ್ನೊಂದು ಎಂದು ಬರೆದೆ. ಇದರಲ್ಲಿ ತಪ್ಪೇನಿದೆ, ನೀವೇ ಹೇಳಿ! ಓಡಿಸಿದೆ. 'ಪರ್ಮಿಶನ್ ಡಿನೈಡ್' ಎಂದಿತು. ನನ್ನ ಬೋರ್ಡು, ನನ್ನ ಕರೆಂಟು, ನನ್ನ ಹೆಂಡತಿ. ಅನುಮತಿ ಕೊಡಲು ಇದ್ಯಾರು?

ಆಶಾ ಪಕ್ಕದಲ್ಲಿ ಕೂತು ಅವರೆಕಾಳು ಹಿದುಕುತ್ತಿದ್ದಳು. "ಏನಂತೆ?" ಎಂದಳು.

"ಪಿನ್ನು ಮುಟ್ಟೋಕೆ ನನಗೆ ಪರ್ಮಿಶನ್ ಇಲ್ವಂತೆ."

"ಒಂದು ವಾರ ಆದ್ಮೇಲೆ ಬಂದಿದೀನಿ. ನನ್ನ ಮುಟ್ಟೋಕೆ ಯಾವ ಪರ್ಮಿಶನ್ನೂ ಬೇಡ ಕಣ್ರೀ," ಎಂದಳು, ಅವರೆಕಾಳಿನ ಕಡೆಗೇ ನೋಡುತ್ತಾ.

"ಸ್ವಲ್ಪ ತಾಳು ಆಶಾ, ಇನ್ನೇನು ಆಗೋಯ್ತು!" ಎಂದೆ ನಾನು, ಮಹಾ ಬುದ್ಧಿವಂತ.

ಆಗಲಿಲ್ಲ. ಪಿನ್ನು ಮುಟ್ಟುವ ಅಧಿಕಾರ ಲಿನಕ್ಸಿನಲ್ಲಿ ಯಜಮಾನನಿಗೆ ಮಾತ್ರವಂತೆ. ಯಜಮಾನನ ವೇಷ ಹಾಕಿಕೊಂಡು ಮತ್ತೆ ಓಡಿಸಿದೆ. ಈಗ ಬೇರೆ ರಾಗ: 'ಬಿಸಿ' ಎಂದಿತು. ಆ ಪಿನ್ನನ್ನು ಬೇರೆ ಯಾರೋ ಹಿಡಿದುಕೊಂಡಿದ್ದಾರೆ, ಬಿಡುವಿಲ್ಲ! ಯಾರಪ್ಪಾ ಎಂದು ಹುಡುಕಿದೆ. ಮಧ್ಯಾಹ್ನವಾಯಿತು. ಹಿದಕಿದ ಬೇಳೆ ಸಾರು, ಮುದ್ದೆ ತಟ್ಟೆಯಲ್ಲಿ ಬಂತು. ಎಡಗೈ ಕೀಬೋರ್ಡಿನ ಮೇಲಿಟ್ಟುಕೊಂಡೇ ನುಂಗಿದೆ. ಸಾರು ಹೇಗಿದೆ ಎಂದು ಅವಳು ಕೇಳಿದಾಗ "ಬಿಸಿ" ಎಂದೆನಂತೆ.

ಕೊನೆಗೂ ಕಳ್ಳ ಸಿಕ್ಕಿದ. ಮೋಟಾರಿನ ಪ್ರೋಗ್ರಾಮು! ಬೋರ್ಡು ಎದ್ದ ಕೂಡಲೇ ತಾನೂ ಎದ್ದು ಹನ್ನೊಂದನ್ನು ತಬ್ಬಿಕೊಂಡು ಕೂತಿತ್ತು. 'ನೋಡಿದ್ಯಾ ಲೋಕೇಶನ್ನ! ಬೇಡದ ಪಿನ್ನನ್ನೆಲ್ಲಾ ಹಿಡಿದುಕೊಳ್ಳೋ ಹಾಗೆ ಬರೆದಿದ್ದಾನೆ' ಎಂದು ಬೈದುಕೊಂಡು ಆ ಪ್ರೋಗ್ರಾಮನ್ನು ಕೊಂದೆ. ಮತ್ತೆ ಏಳದಂತೆ ಬೇರು ಸಮೇತ ಕಿತ್ತೆ. ಆಮೇಲೆ ನನ್ನದನ್ನು ಓಡಿಸಿದರೆ, ಆಹಾ! ಒಂದೇ ಒಂದು ಎರರ್ ಇಲ್ಲ!

"ಆಶಾ, ಗೆದ್ದೆ!" ಎಂದು ತಿರುಗಿದೆ. ಅವಳು ಬ್ಯಾಗು ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬಸ್ಸಿನ ಹೊತ್ತಾಗಿತ್ತು.

"ನಾನಿನ್ನೂ ಹೋಗೇ ಇಲ್ಲ ಕಣ್ರೀ. ಆಗ್ಲೇ ನಿಮ್ಮ ನೆನಪಾಗ್ತಿದೆ," ಎಂದಳು.

"ಈಗ್ಲೇ ಒತ್ಬೇಡ! ಅಲ್ಲಿಗೆ ಹೋದ್ಮೇಲೆ ಒತ್ತು!" ಎಂದೆ.

ಅವಳು ನನ್ನನ್ನೊಮ್ಮೆ ನೋಡಿ ಮೆಟ್ಟಿಲಿಳಿದಳು. ಆ ನೋಟದ ಅರ್ಥ ಆಗ ತಿಳಿಯಲಿಲ್ಲ. ಪರೀಕ್ಷೆ ಮಾಡಿ ನೋಡಬೇಕೆಂದೂ ಹೊಳೆಯಲಿಲ್ಲ. ಎರರ್ ಬರಲಿಲ್ಲವೆಂದರೆ ಕೆಲಸ ಆದಂತೆಯೇ ತಾನೇ?

ಸೋಮವಾರ ದೀಪ ಹತ್ತಲಿಲ್ಲ. ಮೊದಲ ದಿನ, ಕೆಲಸದ ಗಡಿಬಿಡಿ ಎಂದುಕೊಂಡೆ. ಮಂಗಳವಾರವೂ ಹತ್ತಲಿಲ್ಲ. ಬಲ್ಬನ್ನು ಬಟ್ಟೆಯಿಂದ ಒರೆಸಿದೆ. ಊದಿದೆ. ಅದರ ಎದುರಿಗೆ ಕೂತು ಉಪ್ಪಿಟ್ಟು ತಿಂದೆ. ಅವಳಿಗೆ ಒಂದೇ ಒಂದು ಸಲವೂ ನನ್ನ ನೆನಪಾಗಲಿಲ್ಲವೇ? ಫೋನಿನಲ್ಲಿ ನೇರವಾಗಿ ಕೇಳಲು ಅಭಿಮಾನ ಅಡ್ಡ ಬಂತು. ನೆನಪಾಯಿತೇ ಎಂದು ಬೇಡಿ ಕೇಳಿದ ಮೇಲೆ ಬರುವ ನೆನಪು ಯಾರಿಗೆ ಬೇಕು? ಸುತ್ತು ಬಳಸಿ ಕೇಳಿದೆ: "ಮತ್ತೇನೂ ವಿಶೇಷ ಇಲ್ವಾ?"

"ಇಲ್ಲ. ನಿಮಗೇನಾದ್ರೂ ಇದೆಯಾ?" ಅವಳ ದನಿಯೂ ಬಿಗಿಯಾಗಿತ್ತು.

"ಇಲ್ಲ."

"ಸರಿ. ಇಡ್ಲಾ?"

ಇತ್ತ ಕೆಳಗಿನಿಂದ ಇನ್ನೊಂದು ಸಂಕಟ. ಪಿಳ್ಳಮ್ಮನವರು ಮೆಟ್ಟಿಲ ಬುಡದಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. ಕಾಡುಗೋಡಿ ಕಡೆ ಅವರದೊಂದು ತುಂಡು ಹೊಲ ಇನ್ನೂ ಉಳಿದಿದೆ. ಅಲ್ಲಿಂದ ಬಂದ ರಾಗಿಯನ್ನು ತಾರಸಿಯ ಮೇಲೆ ಒಣಗಹಾಕಿದ್ದರು.

"ಏನಪ್ಪಾ ನರೇಸಾ, ಮೋಟ್ರುಗೆ ದೆವ್ವ ಇಡಿದೈತೆ! ಒತ್ತಿಲ್ಲ ಗೊತ್ತಿಲ್ಲ, ಆನ್ ಆಯ್ತದೆ! ಬೆಳಿಗ್ಗೆ ಕೋಳಿ ಕೂಗಕ್ ಮುಂಚೆ ಒಂದ್ಕಿತ, ಟೀ ಒತ್ನಾಗೆ ಒಂದ್ಕಿತ, ಉಣ್ಣೋ ಒತ್ನಾಗೆ, ದೀಪ ಅಚ್ಚೋ ಒತ್ನಾಗೆ! ಟ್ಯಾಂಕು ತುಂಬಿ ಸುರಿದು ನನ್ ರಾಗಿ ಎಲ್ಲಾ ನೆಂದೋಯ್ತು!"

"ನಂದಲ್ಲಮ್ಮ! ಆ ಪ್ರೋಗ್ರಾಮನ್ನ ಭಾನುವಾರವೇ ನನ್ನ ಕೈಯಾರೆ ಕೊಂದಿದೀನಿ!" ಎಂದೆ ಎದೆಯುಬ್ಬಿಸಿ.

"ಅದ್ಕೇ ದೆವ್ವ ಆಗೈತೆ," ಎಂದರು ಪಿಳ್ಳಮ್ಮ.

ಬುಧವಾರ ನನ್ನಿಂದಾಗಲಿಲ್ಲ. ಆಫೀಸಿಗೆ ತಲೆನೋವು ಎಂದು ಫೋನ್ ಮಾಡಿ ಮನೆಯಲ್ಲೇ ಉಳಿದೆ. ಸುಳ್ಳೇನಲ್ಲ, ನೋವು ಸ್ವಲ್ಪ ಕೆಳಗಿತ್ತು ಅಷ್ಟೇ. ಬೆಳಗ್ಗೆಯಿಂದ ಬಲ್ಬನ್ನೇ ನೋಡುತ್ತಾ ಕೂತೆ. ಮದುವೆಯಾದ ಹೊಸತರಲ್ಲಿ, ಬಸ್ಸಿನಲ್ಲಿ ಅವಳು ನನ್ನ ಭುಜಕ್ಕೊರಗಿ ನಿದ್ದೆ ಹೋದದ್ದು, ಅವಳಿಗೆ ಎಚ್ಚರವಾದೀತೆಂದು ನಾನು ನಮ್ಮ ಸ್ಟಾಪ್ ಬಂದರೂ ಇಳಿಯದೆ ಮುಂದೆ ಹೋದದ್ದು ಎಲ್ಲಾ ಜ್ಞಾಪಕಕ್ಕೆ ಬಂತು. ಈಗ ಅವಳಿಗೆ ಒಂದು ಗುಂಡಿ ಒತ್ತುವಷ್ಟೂ ನಾನು ಬೇಡವಾದೆನೇ? ಗಂಡಸಾದರೂ ಹೇಳುತ್ತೇನೆ, ಬಾಚಣಿಗೆಯಲ್ಲಿದ್ದ ಅವಳ ಕೂದಲನ್ನು ಒಂದೊಂದಾಗಿ ಎಣಿಸಿದೆ.

ಆಗಲೇ ಕೆಳಗೆ ಮೋಟಾರು ಗುಂಯ್ ಎಂದಿತು. "ನರೇಸಾ! ಬಾರಪ್ಪಾ, ರಾಗಿ ಓಯ್ತು!" ಎಂಬ ಕೂಗು. ತಾರಸಿಗೆ ಓಡಿದೆ. ತುಂಬಿದ ಟ್ಯಾಂಕಿನಿಂದ ನೀರು ಧೋ ಎಂದು ಸುರಿಯುತ್ತಿತ್ತು. ಪಿಳ್ಳಮ್ಮನವರು ಟಾರ್ಪಾಲಿನ ಒಂದು ತುದಿ ಹಿಡಿದು, ಇನ್ನೊಂದನ್ನು ನನ್ನ ಕೈಗೆ ಕೊಟ್ಟು ಎಳೆದರು. ನಾನು ಜಾರಿ ರಾಗಿಯ ಮೇಲೆ ಕೂತೆ. ಆ ಭಂಗಿಯಲ್ಲೇ ಫೋನ್ ಬಂತು. ಆಶಾ! ಗೋದಾಮಿನ ಊಟದ ಬಿಡುವು, ದೊಡ್ಡಮ್ಮನ ನಡುಮನೆಯಲ್ಲ. ಒದ್ದೆ ಕೈಯಲ್ಲಿ ಫೋನ್ ಜಾರೀತೆಂದು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲಿಟ್ಟೆ.

"ಏನ್ರೀ ನೀವು ಮನುಷ್ಯರಾ? ಭಾನುವಾರದಿಂದ ಒತ್ತೀ ಒತ್ತೀ ಬೆರಳು ನೋಯ್ತಿದೆ. ಹತ್ತಿತು ಅಂತ ಒಂದು ಮಾತು ಹೇಳಿದ್ರಾ? ನಾನು ಹುಚ್ಚಿ ಥರ ವ್ಯಾನ್‌ನಲ್ಲಿ ಒತ್ತಿ, ಟೀ ಟೈಮಲ್ಲಿ ಒತ್ತಿ..."

"ನೀನು ಒತ್ತಿದ್ಯಾ?"

"ಈಗ್ತಾನೆ ಒತ್ತಿದೆ!"

ಪಕ್ಕದಲ್ಲಿ ನೀರು ಸುರಿಯುತ್ತಲೇ ಇತ್ತು. ಕೋಳಿ ಕೂಗುವ ಮುಂಚೆ, ಟೀ ಹೊತ್ತಿನಲ್ಲಿ, ಉಣ್ಣುವ ಹೊತ್ತಿನಲ್ಲಿ, ದೀಪ ಹಚ್ಚುವ ಹೊತ್ತಿನಲ್ಲಿ! ಪಿಳ್ಳಮ್ಮನವರು ಮೆಟ್ಟಿಲ ಬುಡದಲ್ಲಿ ನಿಂತು ನನಗೆ ಬೈದದ್ದು ದೂರು ಅಲ್ಲ, ಪ್ರೇಮಪತ್ರ! ನನ್ನ ಹೆಂಡತಿ ಇಷ್ಟು ಸಲ, ಇಷ್ಟೊಂದು ಸಲ ನನ್ನನ್ನು ನೆನೆದಿದ್ದಳು. ರಾಗಿಯ ಮೇಲೆ ಕೂತಲ್ಲೇ ನನಗೆ ಕಣ್ಣು ತುಂಬಿ ಬಂತು. ಮೈಯೆಲ್ಲಾ ಒದ್ದೆಯಾಗಿದ್ದರಿಂದ ಯಾರಿಗೂ ಕಾಣಲಿಲ್ಲ.

ಪಿಳ್ಳಮ್ಮನವರಿಗೆ ಅರ್ಧ ಅರ್ಥವಾಗಿತ್ತು. "ಯಾರವ್ವಾ, ಆಸಾನಾ? ಮಾದ್ನಾಯ್ಕನಳ್ಳೀಲಿ ಕುಂತ್ಕಂಡು ನನ್ ಮೋಟ್ರು ಯಾಕವ್ವಾ ಆಕ್ತೀಯಾ?"

ನಾನೇ ಬಾಯಿಬಿಡಬೇಕಾಯಿತು. "ಅದು... ಅವಳಿಗೆ ನನ್ನ ನೆನಪಾದಾಗ ಆನ್ ಆಗುತ್ತೆ ಅಮ್ಮ."

ಪಿಳ್ಳಮ್ಮ ನನ್ನನ್ನು ನೆತ್ತಿಯಿಂದ ಪಾದದವರೆಗೆ ನೋಡಿದರು. ನೀರು ತೊಟ್ಟಿಕ್ಕುವ ಲುಂಗಿ, ಮೊಣಕೈಗೆ ಅಂಟಿದ ರಾಗಿ. ಆಮೇಲೆ ಫೋನಿನ ಕಡೆ ಬಗ್ಗಿ, ನಂಬಲಾರದೆ ಕೇಳಿದರು: "ದಿನಕ್ಕೆ ಇಷ್ಟ್ ಕಿತಾನಾ? ಇವನ್ನಾ?"

ಕೆಳಗೆ ಬಂದು ಲೋಕೇಶನಿಗೆ ಫೋನ್ ಮಾಡಿದೆ. ಅವನು ನಕ್ಕು ಮುಗಿಸಲು ಸಾಕಷ್ಟು ಹೊತ್ತು ತೆಗೆದುಕೊಂಡ. ನಮ್ಮ ಅಗ್ರಹಾರದ ಮನೆಗಳಿಗೆ ಹಳೇ ನಂಬರು, ಹೊಸ ನಂಬರು ಇರುವಂತೆ ಈ ಬೋರ್ಡಿನ ಪಿನ್ನುಗಳಿಗೂ ಎರಡೆರಡು ನಂಬರು. ನಾವು ಎಣಿಸುವುದು ಒಂದು, ಒಳಗಿನ ಚಿಪ್ಪು ಕರೆಯುವುದು ಇನ್ನೊಂದು. ನಾನು ಎಣಿಸಿದ ಹನ್ನೊಂದು ಚಿಪ್ಪಿಗೆ ಹದಿನೇಳು. ಚಿಪ್ಪಿನ ಹನ್ನೊಂದು ಮೋಟಾರಿನದು! 'ಇಲ್ಲಿ ಆಗಲೇ ಒಬ್ಬರಿದ್ದಾರೆ' ಎಂದು ಲಿನಕ್ಸು ಬಾಯಿ ಬಡಿದುಕೊಂಡರೂ, ಇದ್ದವರನ್ನು ಕೊಂದು ಒಳಗೆ ನುಗ್ಗಿದವನು ನಾನು. ಹನ್ನೊಂದನ್ನು ಅಳಿಸಿ ಹದಿನೇಳು ಬರೆದೆ. ಆಶಾಗೆ ಫೋನ್ ಮಾಡಿ "ಒತ್ತು" ಎಂದೆ.

ದೀಪ ಹತ್ತಿತು! ಹಳದಿ ಬೆಳಕು ಗೋಡೆಯ ಮೇಲೆ ಬಿತ್ತು.

"ಹತ್ತಿತು ಆಶಾ! ಹತ್ತಿತು! ನಾನು ಹೇಳಿರ್ಲಿಲ್ವಾ?"

ಅವಳು ನಗಲಿಲ್ಲ. ಕೇಳಿದಳು: "ನಿಮಗೆ ನನ್ನ ನೆನಪಾದಾಗ ಇಲ್ಲಿ ಏನ್ರೀ ಹತ್ತುತ್ತೆ?"

ನಾನು ಬೋರ್ಡು ನೋಡಿದೆ, ತಂತಿ ನೋಡಿದೆ. ಇಡೀ ಯಂತ್ರದಲ್ಲಿ ಆ ಕಡೆಗೆ ಹೋಗುವ ದಾರಿಯೇ ಇರಲಿಲ್ಲ. ಅವಳು ನೆನೆಯಬೇಕು, ನಾನು ಕೂತು ನೋಡಬೇಕು. ಇಷ್ಟನ್ನೇ ಕಟ್ಟಿದ್ದೆ ನಾನು. ಅದೂ ಅವಳು ಪಕ್ಕದಲ್ಲೇ ಕೂತಿದ್ದ ಒಂದೇ ಒಂದು ದಿನವನ್ನು ಅವಳಿಗೆ ಬೆನ್ನು ಹಾಕಿ ತಿಂದುಹಾಕಿ!

"ಬಿಡುವು ಮುಗೀತು. ಇಡ್ಲಾ?" ಎಂದಳು.

ಲುಂಗಿ ಬದಲಿಸಿ ಪ್ಯಾಂಟು ಏರಿಸಿದೆ. ಬಸ್ಸು ಹತ್ತಿದೆ. ಮಾರತ್ತಹಳ್ಳಿಯಲ್ಲಿ ನಿಂತೆ, ಮೆಜೆಸ್ಟಿಕ್‌ನಲ್ಲಿ ನೂಕಿಸಿಕೊಂಡೆ, ಯಶವಂತಪುರದಲ್ಲಿ ಬೆವರಿದೆ, ಪೀಣ್ಯದಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡೆ. ವಾರವಾರವೂ ಇದೇ ದಾರಿಯನ್ನು ಅವಳೇ ಸವೆಸುತ್ತಿದ್ದಳು. ಅವಳನ್ನು ನೋಡಲೆಂದು ನಾನು ಒಂದು ದಿನವೂ ಬಂದಿರಲಿಲ್ಲ.

ಮಾದನಾಯಕನಹಳ್ಳಿ ಮುಟ್ಟುವಾಗ ಸಂಜೆಯಾಗಿತ್ತು, ಕರೆಂಟು ಹೋಗಿತ್ತು. ದೊಡ್ಡಮ್ಮನ ಗೇಟಿಗೆ ಒಳಗಿನಿಂದ ಬೀಗ. ಕಾಲಿಂಗ್ ಬೆಲ್ ಒತ್ತಿದೆ, ಅದು ಸತ್ತಿತ್ತು. ಫೋನ್ ತೆಗೆದೆ, ಅದೂ ಸತ್ತಿತ್ತು. ಟೀವಿ ಇಲ್ಲದೆ ಬೇಸತ್ತ ಬೀದಿಯ ಜನವೆಲ್ಲಾ ಜಗಲಿಗಳ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ಬೇರೆ ದಾರಿ ಇರಲಿಲ್ಲ.

"ಆಶಾ!" ಎಂದು ಕೂಗಿದೆ.

ಮೊದಲು ದೊಡ್ಡಮ್ಮ ಬಂದರು. "ಅಯ್ಯೋ, ಅಳಿಯಂದ್ರು! ಏನಾಯ್ತಪ್ಪಾ? ಇವತ್ತು ಬುಧವಾರ ಅಲ್ವಾ?"

ಅವರ ಬೆನ್ನಿಗೆ ಆಶಾ ಕಾಣಿಸಿಕೊಂಡಳು. ಕಂಪನಿಯ ನೀಲಿ ಕೋಟು ಇನ್ನೂ ಮೈಮೇಲಿತ್ತು, ಕೈಯಲ್ಲಿ ಗೇಟಿನ ಬೀಗದ ಕೈ ಇತ್ತು. "ಯಾಕ್ ಬಂದ್ರಿ?" ಎಂದಳು.

ದೊಡ್ಡಮ್ಮ ಕೇಳುತ್ತಿದ್ದರು. ಬೀದಿಯೇ ಕೇಳುತ್ತಿತ್ತು. ಗ್ಯಾಸ್ ಬುಕ್ ಮಾಡಿದ್ದೇನೆ ಎನ್ನೋಣವೆಂದು ಬಾಯಿ ತೆರೆದೆ. ಬೇರೆಯೇ ಮಾತು ಹೊರಬಂತು.

"ನಿನ್ನ ನೆನಪಾಯ್ತು ಆಶಾ."

ಜಗಲಿಯ ಮೇಲೆ ಯಾರೋ ಕಿಸಕ್ಕೆಂದರು. ಆಶಾ ಗೇಟಿನವರೆಗೆ ಬಂದಳು. ಬೀಗದ ಕೈಯನ್ನು ಬೀಗದೊಳಗಿಟ್ಟಳು. ತಿರುಗಿಸಲಿಲ್ಲ.

"ಕೇಳಿಸ್ಲಿಲ್ಲ," ಎಂದಳು. "ಇನ್ನೊಂದ್ಸಲ. ಜೋರಾಗಿ."