ಎಟಿವಿಗೆ ಹಬ್ಬದ ಸ್ನಾನ

"ಹೊಂಡಕ್ಕ ಇಳಿಸಾಕ ಅದೇನ್ ಎತ್ತೇನ್ರಿ? ನನ್ನ ಗಾಡಿ ಮುಟ್ಟಬ್ಯಾಡ್ರಿ ಅಂತ ಮಗಳು ಒಂದ ಒಂದು ಮಾತು ಹೇಳಿ ಹೋಗಿದ್ಲು. ಅಷ್ಟೂ ತಲಿಗೆ ಹೋಗಲಿಲ್ಲ ನಿಮಗ?"

"ಬಾಯಿ ಮುಚ್ಚು. ತೊಳೀಲಾರದ ಗಾಡಿಗೆ ಯಾರರ ಕುಂಕುಮ ಹಚ್ತಾರೇನು?"

ಶಾಂತವ್ವ ಗ್ಯಾರೇಜಿನ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಗುರುಲಿಂಗಪ್ಪನ ಪ್ಯಾಂಟು ತೊಡೆಯವರೆಗೆ ಕೆಸರಾಗಿತ್ತು. ಗಂಡ ಹೆಂಡಿರ ನಡುವೆ ಮಗಳ ಎಟಿವಿ, ಶಾಲೆಯಿಂದ ಒದೆ ತಿಂದು ಬಂದ ಹುಡುಗನ ಹಾಗೆ ನೀರು ಸುರಿಸುತ್ತ ನಿಂತಿತ್ತು.

ಜಗಳದ ಮೂಲ ಸಣ್ಣದು. ಆಯುಧಪೂಜೆ ನಡುವಾರದಲ್ಲಿ ಬಂದಿತ್ತು. ಅಮೆರಿಕದ ಲಿವೋನಿಯಾ ಊರಿನ ಕನ್ನಡದವರು ಎಂದಿನಂತೆ ಅದನ್ನು ಶನಿವಾರಕ್ಕೆ ತಳ್ಳಿದ್ದರು. ಕಲ್ಲು, ಕೆಸರು, ಕಾಡಿನಲ್ಲಿ ಓಡಿಸುವ ಈ ನಾಲ್ಕು ದಪ್ಪ ಗಾಲಿಯ ಗಾಡಿಯನ್ನು ತನಿಷಾ ಹೋದ ವರ್ಷ ಕೊಂಡಿದ್ದಳು. ತಂದ ದಿನವೇ ಗುರುಲಿಂಗಪ್ಪ ಬಂದವರೆಲ್ಲರ ಎದುರು, ಹೆಣ್ಣುಮಗಳಿಗೆ ಇದೆಂಥ ಆಟ ಎಂದು ಹಾರಾಡಿದ. ಅವಳು ಗಾಡಿಯನ್ನು ಗ್ಯಾರೇಜಿನಲ್ಲೇ ಬಿಟ್ಟು ಪ್ಲೇನ್‌ಫೀಲ್ಡ್ ಎಂಬ ಊರಿಗೆ ಕೆಲಸಕ್ಕೆ ಹೋದವಳು ಮತ್ತೆ ಮನೆಗೆ ಕಾಲಿಟ್ಟಿರಲಿಲ್ಲ. ತಾಯಿಗೆ ಫೋನ್ ಮಾಡುತ್ತಿದ್ದಳು. ಅಪ್ಪ ಫೋನ್ ಇಸಿದುಕೊಂಡ ತಕ್ಷಣ ಸಿಗ್ನಲ್ ಹೋಗುತ್ತಿತ್ತು.

ಈ ಸಂಜೆ ಬರುತ್ತೇನೆ, ಗಾಡಿಯ ವಿಷಯ ಮುಗಿಸಬೇಕು ಎಂದು ಹೇಳಿದ್ದಳು. ಒಯ್ಯಲು ಬರುತ್ತಾಳೆ ಎಂದೇ ಇಬ್ಬರೂ ತಿಳಿದರು. ಒಯ್ದಮೇಲೆ ಈ ಮನೆಗೆ ಬರಲು ಅವಳಿಗೆ ನೆಪವೂ ಉಳಿಯುವುದಿಲ್ಲ. ಅಷ್ಟರೊಳಗೆ ಮಗಳನ್ನು ಸಮಾಧಾನ ಮಾಡಬೇಕಿತ್ತು. ತಪ್ಪಾಯಿತು ಎಂಬ ಮಾತು ಗುರುಲಿಂಗಪ್ಪನ ಗಂಟಲಿನಿಂದ ಮೇಲಕ್ಕೆ ಬರುವಂಥದ್ದಲ್ಲ. ಗಾಡಿಗೆ ಕುಂಕುಮ ಹಚ್ಚಿ, ಹಾರ ಹಾಕಿ ನಿಲ್ಲಿಸಿದರೆ ಅವಳೇ ತಿಳಿದುಕೊಳ್ಳುತ್ತಾಳೆ ಎಂದುಕೊಂಡ.

ಪೂಜೆಗೆ ಮೊದಲು ತೊಳೆಯಬೇಕು. ಹೊರಗಿನ ನಲ್ಲಿ ಚಳಿಗೆ ಒಡೆಯದಿರಲೆಂದು ಅವನೇ ಅದನ್ನು ಬಂದ್ ಮಾಡಿದ್ದ. ಹಾವೇರಿ ಕಡೆಯ ಅವನ ಊರಿನಲ್ಲಿ ಹಬ್ಬದ ಬೆಳಿಗ್ಗೆ ಎತ್ತು, ಚಕ್ಕಡಿ, ಟ್ರ್ಯಾಕ್ಟರು ಎಲ್ಲವೂ ಕೆರೆಗೆ ಇಳಿದೇ ಮೈ ತೊಳೆದುಕೊಳ್ಳುತ್ತಿದ್ದವು. ಅವರ ಮನೆಗಳ ಬಡಾವಣೆಯ ಹಿಂದೆ ಮಳೆನೀರಿನ ಹೊಂಡ ಇತ್ತು. ಗಾಡಿಯನ್ನು ಅದಕ್ಕೆ ಇಳಿಸಿದ. ಅರ್ಧಕ್ಕೆ ಹೋಗುವಷ್ಟರಲ್ಲಿ ಗಾಲಿ ಜಾರಿತು, ಅವನು ಹ್ಯಾಂಡಲನ್ನು ಕೊಬ್ಬಿದ ಹೋರಿಯ ಕೊಂಬಿನಂತೆ ಎರಡೂ ಕೈಯಿಂದ ಹಿಡಿದುಕೊಂಡ, ಎಂಜಿನ್ ಸದ್ದಡಗಿತು. ಆಮೇಲೆ ಬಟನ್ ಎಷ್ಟು ಒತ್ತಿದರೂ ಟಿಕ್ ಎನ್ನಲಿಲ್ಲ.

ಎಳೆದು ತರಲು ಬಂದ ಇಬ್ಬರು ನೆರೆಯವರು ಮತ್ತೆ ತಮ್ಮ ಮನೆಗೆ ಹೋಗಲೇ ಇಲ್ಲ. ನಿರಂಜನ್ ಕಾರು ಕಂಪನಿಯ ಎಂಜಿನಿಯರು. ಆದರೆ ಸೇರಿದಾಗಿನಿಂದ ಅವನು ಮಾಡಿದ್ದೆಲ್ಲ ಸೀಟಿನ ಪಕ್ಕ ಕಾಫಿ ಲೋಟ ಇಡುವ ಗುಂಡಿಯ ಕೆಲಸ. ಎದುರು ಮನೆಯ ಈರೇಶ್ ಮಕ್ಕಳ ಡಾಕ್ಟರು.

"ಬಟನ್ ಒತ್ತಿದ್ರಾ ಅಂಕಲ್?" ನಿರಂಜನ್ ಕೇಳಿದ.

"ಒತ್ತದ ಏನ್ ಮಾಡಲಿ, ಮುದ್ದಾಡಲ್ಯಾ?"

"ಮುಗೀತು ಹಾಗಾದ್ರೆ. ಒಳಗೆ ನೀರು ಹೋಗಿರುವಾಗ ಸ್ಟಾರ್ಟ್ ಮಾಡಿದ್ರೆ ಪಿಸ್ಟನ್ ರಾಡೇ ಬಗ್ಗೋಗತ್ತೆ."

ಶವದ ಸುತ್ತ ನೆರೆದವರಂತೆ ಎಲ್ಲರೂ ಗಾಡಿಯ ಮೇಲೆ ಬಗ್ಗಿದರು. ಆಮೇಲೆ ಬಿಚ್ಚಲು ಶುರು ಮಾಡಿದರು. ಗಾಳಿಯ ಫಿಲ್ಟರ್ ತೆಗೆದರು; ಹಪ್ಪಳದಂತೆ ಒಣಗಿತ್ತು. ಸ್ಪಾರ್ಕ್ ಪ್ಲಗ್ ಕಿತ್ತರು; ಹನಿ ನೀರಿಲ್ಲ. ನೀರು ಬೆರೆತರೆ ಎಂಜಿನ್ ಎಣ್ಣೆ ಹಾಲು ಹಾಕಿದ ಕಾಫಿಯಂತಾಗುತ್ತದೆ ಎಂದು ನಿರಂಜನ್ ಹೇಳಿದ್ದ. ಅದು ಜೇನುತುಪ್ಪದ ಹಾಗೆ ತಿಳಿಯಾಗಿತ್ತು.

"ರಿಪೋರ್ಟ್ ಎಲ್ಲಾ ನಾರ್ಮಲ್ ಅದಾವ್ರಿ," ಎಂದ ಈರೇಶ್. "ಪೇಶೆಂಟ್ ಅಷ್ಟ ಏಳವಲ್ಲ."

ಬಿಚ್ಚಿದ್ದು ವ್ಯರ್ಥವಾಗಬಾರದಲ್ಲ. ನೀರು ಎಲ್ಲೋ ಅಡಗಿ ಕೂತಿದೆ ಎಂದು ತೀರ್ಮಾನವಾಯಿತು. ಚೆನ್ನಾಗಿದ್ದ ಎಣ್ಣೆಯನ್ನು ಸುರಿದು ಹೊಸದನ್ನು ಹಾಕಿದರು. ನಿರಂಜನನ ಹೆಂಡತಿ ಭಾನು, ನೀರಿಗೆ ಬಿದ್ದ ತನ್ನ ಫೋನ್ ಅಕ್ಕಿಯಲ್ಲಿಟ್ಟು ಬದುಕಿದ್ದನ್ನು ನೆನೆಸಿಕೊಂಡು, ಪ್ಲಗ್ ಹೂಳಲು ಬೋಗುಣಿಯಲ್ಲಿ ಅಕ್ಕಿ ತಂದಳು. ನೀರು ಹೀರಲು ಸೋನಾ ಮಸೂರಿ ಒಳ್ಳೆಯದೋ ದೋಸೆ ಅಕ್ಕಿ ಒಳ್ಳೆಯದೋ ಎಂದು ಸಾಕಷ್ಟು ಚರ್ಚೆಯಾಯಿತು. ಈರೇಶ್ ಹೇರ್ ಡ್ರೈಯರ್ ಹಿಡಿದು ವೈರುಗಳಿಗೆ ಬಿಸಿಗಾಳಿ ಹೊಡೆದ. ಮನೆಯ ಅರ್ಧಕ್ಕೆ ಕರೆಂಟ್ ಹೋಯಿತು. ಒಳಗೆ ಹೋಳಿಗೆ ಆರಿತು. ಗುರುಲಿಂಗಪ್ಪ ಬಿಚ್ಚಿದವರನ್ನೂ ಬೈದ, ಬಿಗಿದವರನ್ನೂ ಬೈದ.

ಎಲ್ಲವನ್ನೂ ಮತ್ತೆ ಜೋಡಿಸಿ ಒತ್ತಿದರೆ ಗಾಡಿ ಹಾಗೆಯೇ ಮೂಕಬಸವ. ಬೇರೆ ದಾರಿ ಕಾಣದೆ ಕುಂಕುಮ ಹಚ್ಚಿ ಹಾರ ಹಾಕಿದರು. ಶಾಂತವ್ವ ಗಂಡನನ್ನು ಪಕ್ಕಕ್ಕೆ ಕರೆದಳು. ಅವಳ ಸಿಟ್ಟು ಇಳಿದಿತ್ತು.

"ಬಂದ ಕೂಡ್ಲೆ ಖರೇ ಹೇಳಿಬಿಡ್ರಿ. ಒಂದು ತಾಸು ಸಿಟ್ಟು ಮಾಡ್ತಾಳ, ಆಮ್ಯಾಲ ಉಣ್ಣಾಕ ಬರ್ತಾಳ."

ಅವನು ತಲೆಯಾಡಿಸಿದ. ಹೇಳಬೇಕೆಂದೇ ಇದ್ದ.

ತನಿಷಾ ಕಾರಿನಿಂದ ಇಳಿದು ಡ್ರೈವ್‌ವೇಯಲ್ಲೇ ನಿಂತಳು. ಚೆಂಡುಹೂವಿನ ಹಾರ ಹೊತ್ತ ತನ್ನ ಗಾಡಿಯನ್ನು ನೋಡಿದಳು. ತುಟಿಯ ಅಂಚಿನಲ್ಲಿ ನಗು ಬಂತು. ಬಗ್ಗಿ ಗಾಲಿಗೆ ಅಂಟಿದ್ದ ಪಾಚಿಯನ್ನು ಬೆರಳಿಂದ ತೆಗೆದಳು.

"ನೀರಿಗೆ ಇಳಿಸಿದ್ರಾ ಅಪ್ಪಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಒಬ್ಬಳೇ ಕೇಳಿದ್ದರೆ ಅವನು ಹೇಳುತ್ತಿದ್ದನೇನೋ. ಆದರೆ ನಿರಂಜನ್ ನೋಡುತ್ತಿದ್ದ, ಈರೇಶ್ ನೋಡುತ್ತಿದ್ದ, ಭಾನು ಅಕ್ಕಿ ಹಿಡಿದು ನೋಡುತ್ತಿದ್ದಳು.

"ನಾ ಯಾಕ ಇಳಿಸಲಿ? ನೀ ಬಿಟ್ಟು ಹೋದಾಗ ಕೆಟ್ಟಿತ್ತು ಅದು."

"ರಿಯಲಿ?"

ಅವಳು ಕಾದಳು. ಆ ಕಾಯುವಿಕೆಯೇ ಅವನನ್ನು ಕೆರಳಿಸಿತು. ಒಳಗಿದ್ದ ಹಳೆಯ ಮಾತು ತಾನಾಗಿ ಹೊರಬಿತ್ತು.

"ಹೆಣ್ಣುಮಗಳಿಗೆ ಇದೆಂಥ ಆಟ ಅಂತ ಅವತ್ತ ಹೇಳಿದ್ದೆ ನಾನು. ಯಾರು ಕೇಳಿದ್ರು ನನ್ನ ಮಾತು?"

ತನಿಷಾಳ ಮುಖದಲ್ಲಿದ್ದ ನಗು ಹೋಯಿತು. ಅವಳು ಕೈ ಚಾಚಿ ಹ್ಯಾಂಡಲಿನ ಎಡಗಡೆ ಹಿಡಿಕೆಯ ಬಳಿ ಇದ್ದ ಸಣ್ಣ ಕೆಂಪು ಸ್ವಿಚ್ಚನ್ನು ಹೆಬ್ಬೆರಳಿನಿಂದ ಸರಿಸಿದಳು, ಬಟನ್ ಒತ್ತಿದಳು. ಒಂದೇ ಸಲಕ್ಕೆ ಎಂಜಿನ್ ಗುಡುಗಿತು. ಹಗಲೆಲ್ಲ ಎಲ್ಲರೂ ಗಾಡಿಯ ಹೊಟ್ಟೆಯೊಳಗೆ ಹುಡುಕಿದ್ದರು. ಹಿಡಿಕೆಯನ್ನು ಯಾರೂ ನೋಡಿರಲಿಲ್ಲ.

"ಅದು ಎಂಜಿನ್ ಬಂದ್ ಮಾಡೋ ಎಮರ್ಜೆನ್ಸಿ ಸ್ವಿಚ್ ಅಪ್ಪಾ. ನಿಮ್ಮ ಕೈ ತಾಗಿ ಆಫ್ ಆಗೇತಿ ಅಷ್ಟ. ಅಷ್ಟು ನೀರು ಇದಕ್ಕ ನಥಿಂಗ್." ಎಂಜಿನ್ ಸದ್ದಿನ ಮೇಲೆ ಕೇಳುವಷ್ಟೇ ಜೋರಾಗಿ ಹೇಳಿದಳು. "ಹೇಳಿದ್ರ ನಾ ನಕ್ಕುಬಿಡ್ತಿದ್ದೆ."

ತಿರುಗಿ ಕಾರಿನ ಕಡೆ ನಡೆದಳು. ಶಾಂತವ್ವ ಹಿಂದೆಯೇ ಓಡಿದಳು; ಕಾರಿನ ಕಿಟಕಿಗೆ ಕೈಯಿಟ್ಟು ಏನೇನೋ ಹೇಳಿದಳು. ಕಾರು ಹಿಂದಕ್ಕೆ ಸರಿದು ರಸ್ತೆಗೆ ಇಳಿಯಿತು. ಶಾಂತವ್ವ ವಾಪಸು ಬಂದು ಗಂಡನ ಎದುರು ನಿಂತಳು.

"ಒಯ್ಯಾಕ ಬಂದಿದ್ದಿಲ್ಲ ಆಕಿ. ಗಾಡಿ ಹೇರಾಕ ಟ್ರೇಲರ್ ಎಲ್ಲೈತಿ? ಹಿಂದಿನ ಸೀಟಿನ್ಯಾಗ ಎರಡು ಹೆಲ್ಮೆಟ್ ಅದಾವು. ಒಂದು ಹೊಸಾದು, ನಿಮ್ಮ ತಲಿ ಅಳತಿದು."

ನೆರೆಯವರು ಒಬ್ಬೊಬ್ಬರಾಗಿ ಜಾರಿಕೊಂಡರು. ಹೋಗುವಾಗ ನಿರಂಜನ್ ಎಂಜಿನ್ ಆರಿಸಲು ಕೈ ಚಾಚಿದ. ಗುರುಲಿಂಗಪ್ಪ ಆ ಕೈಯನ್ನು ತಳ್ಳಿದ. ಗಾಡಿ ಚಾಲೂ ಬಿಟ್ಟು ಯಾರಾದರೂ ಹೋಗುತ್ತಾರೆಯೇ, ಆರಿಸಲು ಬಂದೇ ಬರುತ್ತಾಳೆ ಎಂದ. ಗ್ಯಾರೇಜಿನ ಮೆಟ್ಟಿಲ ಮೇಲೆ ರಸ್ತೆಗೆ ಮುಖ ಮಾಡಿ ಕೂತ. ಶಾಂತವ್ವ ಊಟಕ್ಕೆ ಕರೆದು ಕರೆದು ಸುಮ್ಮನಾದಳು. ಕೊನೆಗೆ ಪೆಟ್ರೋಲು ತೀರಿ ಎಂಜಿನ್ ಎರಡು ಸಲ ಕೆಮ್ಮಿತು, ತಾನಾಗಿಯೇ ನಿಂತಿತು.